ಅವರ ಸಿಗರೇಟು, ನನ್ನ ಉಪ್ಪು

ಕಳೆದ ಚಳಿಗಾಲದಿಂದ ಈಚೆಗೆ ನಮ್ಮ ಯಜಮಾನರ ಅಂಗಿಯ ಜೇಬು ತಡವಿದರೆ ಲವಂಗ ಸಿಗುತ್ತದೆ. ಒಮ್ಮೊಮ್ಮೆ ಸೋಂಪು, ಒಮ್ಮೊಮ್ಮೆ ಒಣಗಿಸಿದ ನೆಲ್ಲಿಕಾಯಿಯ ಚೂರು, ಬೆವರಿಗೆ ಕರಗಿ ಬಟ್ಟೆಗೆ ಅಂಟಿಕೊಂಡ ಕಲ್ಲುಸಕ್ಕರೆ. ಮೊದಲು ಅದೇ ಜೇಬಿನಲ್ಲಿ ಬೆಂಕಿಪೊಟ್ಟಣವೂ ಒಂದು ಚಿಟಿಕೆ ತಂಬಾಕಿನ ಪುಡಿಯೂ ಇರುತ್ತಿದ್ದವು. ತಿರುವಿಹಾಕಿ ಕೊಡವಿದರೆ ಮುಗಿಯುತ್ತಿತ್ತು. ಈಗ ಬಿಸಿನೀರಿನಲ್ಲಿ ನೆನೆಹಾಕಿ ಉಗುರಿನಿಂದ ಕೆರೆಯಬೇಕು. ಸಿಗರೇಟು ಬಿಟ್ಟ ಗಂಡನ ಬಟ್ಟೆ ಒಗೆಯುವುದು ಸೇದುವ ಗಂಡನ ಬಟ್ಟೆ ಒಗೆಯುವುದಕ್ಕಿಂತ ಕಷ್ಟ ಎಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ನಂಬುತ್ತಿರಲಿಲ್ಲ ಬಿಡಿ. ಇಷ್ಟು ವರ್ಷ ದೇವರ ಮುಂದೆ ಕೂತು ಬೇಡಿಕೊಂಡದ್ದು ಅದನ್ನೇ ಅಲ್ಲವೇ?

ನಾವು ಆಳಂದದ ಕಡೆಯವರು. ಇವರಿಗೆ ನಾಸಿಕದ ಹತ್ತಿರ ಸಿನ್ನರ್‌ನ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಕೆಲಸ ಸಿಕ್ಕಿತೆಂದು ಮದುವೆಯಾದ ಹೊಸತರಲ್ಲೇ ನಾಸಿಕಕ್ಕೆ ಬಂದೆವು. ನಾಲ್ಕು ದಿನ ಇದ್ದು ಊರ ಹತ್ತಿರ ವರ್ಗ ಮಾಡಿಸಿಕೊಂಡರಾಯಿತು ಅಂದುಕೊಂಡಿದ್ದೆವು. ಖಾಸಗಿ ಕಂಪನಿಯಲ್ಲಿ ವರ್ಗ ಎಲ್ಲಿಂದ ಬರಬೇಕು? ಮಗ ಇಲ್ಲೇ ಹುಟ್ಟಿ, ಮರಾಠಿ ಶಾಲೆಯಲ್ಲಿ ಓದಿ, ಈಗ ಪುಣೆಯಲ್ಲಿ ಕಾಲೇಜಿಗೆ ಹೋಗುತ್ತಾನೆ. ನಾನು ಮಾತ್ರ ಅಂದಿನಿಂದ ಇಂದಿನವರೆಗೆ ಒಂದೇ ಕೆಲಸ ಮಾಡುತ್ತಿದ್ದೇನೆ. ಬೆಳಗ್ಗೆ ಕಂಪನಿಯ ಬಸ್ಸು ಹೊರಡುವ ಮುಂಚೆ ಡಬ್ಬಿ ಕಟ್ಟುವುದು.

ಸೇದುವವರ ಹೊಟ್ಟೆಗೆ ಒಂದು ಬೇರೆಯೇ ಪಂಚಾಂಗವಿರುತ್ತದೆ. ಎದ್ದ ಕೂಡಲೇ ಹಾಲು ಕಡಿಮೆ, ಸಕ್ಕರೆ ಜಾಸ್ತಿ ಹಾಕಿದ ಚಹಾ, ಅದರ ಬೆನ್ನಿಗೆ ಬಾಲ್ಕನಿಯಲ್ಲಿ ಒಂದು ಸಿಗರೇಟು. ಅದಿಲ್ಲದಿದ್ದರೆ ಹೊಟ್ಟೆ ಕದಲುವುದಿಲ್ಲವಂತೆ. ಲೋಕದ ಗಂಡಸರೆಲ್ಲ ಇದೊಂದು ಮಾತನ್ನು ಎಲ್ಲಿ ಕಲಿತು ಬರುತ್ತಾರೋ! ನಮ್ಮ ಪಕ್ಕದ ಮನೆಯವರೂ ಇದನ್ನೇ ಹೇಳುತ್ತಾರೆ, ಕೆಳಗಿನ ಮನೆಯ ನಿವೃತ್ತ ಹವಾಲ್ದಾರರೂ ಇದನ್ನೇ ಹೇಳುತ್ತಾರೆ. ನಾಷ್ಟಾ ಬೇಡ, ಹಸಿವಿಲ್ಲ. ಕಾರ್ಖಾನೆಯ ಗೇಟಿನ ಹೊರಗೆ ವಡಾಪಾವ್, ಅದರ ಜೊತೆ ಉಪ್ಪು ಸವರಿದ ಹಸಿಮೆಣಸಿನಕಾಯಿ, ಮತ್ತೆ ಚಹಾ, ಮತ್ತೆ ಸಿಗರೇಟು. ನನ್ನ ಡಬ್ಬಿ ಎಷ್ಟೋ ಸಲ ಅರ್ಧ ತುಂಬಿದಂತೆಯೇ ಮರಳಿ ಬರುತ್ತಿತ್ತು. ಉಂಡ ದಿನವೂ ಊಟವಾಗುತ್ತಿದ್ದುದು ಊಟಕ್ಕಾಗಿ ಅಲ್ಲ, ಊಟದ ನಂತರದ ಒಂದು ಸಿಗರೇಟಿನ ಸುಖಕ್ಕಾಗಿ. ನಾನು ಬೆವರು ಸುರಿಸಿ ಬಡಿದ ರೊಟ್ಟಿ ಅದಕ್ಕೊಂದು ಮುನ್ನುಡಿಯಾಗಿತ್ತು ಅಷ್ಟೆ.

ಶ್ರಾವಣ ಸೋಮವಾರದ ಉಪವಾಸ ಇವರು ಎಂದೂ ತಪ್ಪಿಸಿದವರಲ್ಲ. ಅಂದು ಅನ್ನ ಮುಟ್ಟುವುದಿಲ್ಲ, ರೊಟ್ಟಿ ಮುಟ್ಟುವುದಿಲ್ಲ, ಸಾಬುದಾಣಿ ಖಿಚಡಿಯೂ ಸಂಜೆಗೇ. ಆದರೆ ಸಿಗರೇಟು ಮಾತ್ರ ಒಂದರ ಹಿಂದೆ ಒಂದು. ಒಮ್ಮೆ ಕೇಳಿಯೇಬಿಟ್ಟೆ.

"ಉಪಾಸ ಇದ್ದ ದಿನಾ ಇದು ನಡೀತದೇನ್ರಿ?"

"ಯಾಕ ನಡಿಯಂಗಿಲ್ಲ? ತಂಬಾಕ ಏನ್ ಕಾಳಾ? ಎಲಿ ಅದಾ, ಎಲಿ. ತುಳಸಿ ಎಲಿ ತಿಂದ್ರ ಉಪಾಸ ಮುರೀತದೇನು?"

ಇವರ ಭಕ್ತಿಯನ್ನು ನೋಡಿ ಅಕ್ಕಪಕ್ಕದ ಹೆಂಗಸರು "ಎಂಥಾ ನೇಮಸ್ತರು ನಿಮ್ಮವರು" ಅನ್ನುತ್ತಿದ್ದರು. ಅದನ್ನು ಕೇಳಿ ಹೆಮ್ಮೆಪಟ್ಟವಳೂ ನಾನೇ.

ತಂಬಾಕು ನನಗೇನು ಹೊಸದಲ್ಲ. ತವರಿನಲ್ಲಿ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಮಿಶ್ರಿ ಹಚ್ಚುತ್ತಿದ್ದಳು. ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಹುರಿದು ಪುಡಿ ಮಾಡಿ ಹಲ್ಲಿಗೆ ತಿಕ್ಕುವ ಚಟ ಅದು. ಅದಕ್ಕೆಂದೇ ಅಂಚು ಒಡೆದ ಒಂದು ಹಂಚನ್ನು ಹಿತ್ತಲಲ್ಲಿ ಇಟ್ಟುಕೊಂಡಿದ್ದಳು. ಅವಳು ತಂಬಾಕು ಹುರಿಯುವ ದಿನ ನಾವು ಮಕ್ಕಳೆಲ್ಲ ಕೆಮ್ಮುತ್ತ ಓಣಿಗೆ ಓಡುತ್ತಿದ್ದೆವು. ಬೆಳಗಿನ ಹೊತ್ತು ಕಟ್ಟೆಯ ಮೇಲೆ ಕೂತು ತೋರುಬೆರಳನ್ನು ಬಾಯಿಯೊಳಗೆ ತಿರುಗಿಸುತ್ತ, ಕಣ್ಣು ಅರ್ಧ ಮುಚ್ಚಿ, ಯಾರು ಮಾತಾಡಿಸಿದರೂ "ಹೂಂ" ಮಾತ್ರ ಅನ್ನುವ ಆಯಿಯ ಮುಖ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಬಾಲ್ಕನಿಯಲ್ಲಿ ನಿಂತ ನಮ್ಮ ಯಜಮಾನರ ಮುಖವೂ ಹಾಗೆಯೇ ಇರುತ್ತಿತ್ತು. ಆಯಿ ಮಾಡಿದ ಹಿಂಡಿಯನ್ನು, ಅಂದರೆ ಶೇಂಗಾ ಚಟ್ನಿಪುಡಿಯನ್ನು, ನಮ್ಮಿಂದ ತಿನ್ನಲಾಗುತ್ತಿರಲಿಲ್ಲ. ಖಾರ ನೆತ್ತಿಗೇರುತ್ತಿತ್ತು. ಆಯಿ ಮಾತ್ರ ಅದರ ಮೇಲೆ ಇನ್ನಷ್ಟು ಉಪ್ಪು ಉದುರಿಸಿಕೊಂಡು ತಿನ್ನುತ್ತಿದ್ದಳು. ಮುದುಕಿಯ ಬಾಯಿಗೆ ರುಚಿ ಹತ್ತುವುದಿಲ್ಲ ಎಂದು ಅವ್ವ ಹೇಳುತ್ತಿದ್ದಳು. ಮಿಶ್ರಿಯ ಹೆಸರನ್ನು ಯಾರೂ ಎತ್ತಲಿಲ್ಲ.

ಈಗ ನಮ್ಮ ಮನೆಗಳ ಒಂದು ಪದ್ಧತಿಯನ್ನು ನಿಮಗೆ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಒಲೆಯ ಮೇಲಿನದನ್ನು ನಾವು ರುಚಿ ನೋಡುವುದಿಲ್ಲ. ಪೂಜೆಯಾಗಿ, ಲಿಂಗಕ್ಕೆ ಎಡೆ ತೋರಿಸಿ, ಆಮೇಲೆ ಗಂಡಸರು, ಮಕ್ಕಳು, ಕೊನೆಗೆ ಅಡುಗೆ ಮಾಡಿದವಳು. ಅದಕ್ಕೂ ಮುಂಚೆ ಸೌಟಿನಿಂದ ಒಂದು ಹನಿ ನಾಲಿಗೆಗೆ ತಾಗಿದರೂ ಇಡೀ ಅಡುಗೆ ಎಂಜಲು. ಅವ್ವ ನನಗೆ ಹದ ಕಲಿಸಿದ್ದು ಕಣ್ಣಿಂದ, ಮೂಗಿಂದ, ಅಂಗೈಯಿಂದ. ಬೇಳೆ ಕುದಿಯುವಾಗ ಮುಖ ಹತ್ತಿರ ಒಯ್ದು ಮೂಸಿದರೆ ಉಪ್ಪು ಬಿದ್ದಿದೆಯೋ ಇಲ್ಲವೋ ತಿಳಿಯುತ್ತದೆ, ಸುಳ್ಳಲ್ಲ. ಆದರೆ ಎಷ್ಟು ಬಿದ್ದಿದೆ ಎಂಬುದು ತಿಳಿಯುವುದಿಲ್ಲ. ಅದಕ್ಕೆ ಬಡಿಸಿದ ಮೇಲೆ ಮೊದಲು ಉಣ್ಣುವವರ ಮುಖ ನೋಡಬೇಕು. ಹುಬ್ಬು ಎದ್ದರೆ ನಾಳೆ ಕಡಿಮೆ, ಕೈ ಉಪ್ಪಿನ ಕಡೆ ಹೋದರೆ ನಾಳೆ ಜಾಸ್ತಿ. ನಮ್ಮಲ್ಲಿ ಹೆಣ್ಣುಮಕ್ಕಳು ಅಡುಗೆ ಕಲಿಯುವುದು ಹೀಗೆ.

ನಾನು ಇಷ್ಟು ವರ್ಷ ನೋಡಿದ್ದು ಒಂದೇ ಮುಖ. ಮದುವೆಯಾದ ವರ್ಷ ಇವರು "ಸಪ್ಪಗದಾ" ಅಂದರು. ಒಂದು ಚಿಟಿಕೆ ಏರಿಸಿದೆ. ಮರುವರ್ಷ ಹಾಗೆಯೇ ಅಂದರು, ಮತ್ತೊಂದು ಚಿಟಿಕೆ. ಮೆಣಸಿನಪುಡಿಯ ಕಥೆಯೂ ಅದೇ. ಉಪ್ಪಿನಕಾಯಿ, ಹಪ್ಪಳ, ಕರಿದ ಮೆಣಸಿನಕಾಯಿ ಇಲ್ಲದೆ ತಟ್ಟೆ ಬರಿದು ಅನ್ನಿಸತೊಡಗಿತು. ಕೊನೆಗೆ ಉಣ್ಣುವವಳು ನಾನು. ಎದುರು ಬಂದದ್ದನ್ನು ಉಂಡೆ. ನನ್ನ ನಾಲಿಗೆ ಮೆಲ್ಲಗೆ ಅವರ ನಾಲಿಗೆಯ ಹಿಂದೆ ಹೋಯಿತು, ನನಗೆ ಗೊತ್ತೇ ಆಗಲಿಲ್ಲ. ಮಗ ಸಣ್ಣವನಿದ್ದಾಗ ಮೊಸರು ಅನ್ನ ಬಿಟ್ಟು ಏನನ್ನೂ ತಿನ್ನದೆ ಹಟ ಮಾಡುತ್ತಿದ್ದ. ನಾಸಿಕದ ನೀರಿಗೆ ಹಸಿವು ಕಡಿಮೆ ಎಂದು ನಾನು ಊರವರಿಗೆಲ್ಲ ಹೇಳಿಕೊಂಡು ತಿರುಗಿದೆ. ಪಾಪ, ಗೋದಾವರಿಯ ಮೇಲೆ ಹಾಕಿದ ಅಪವಾದ ಅದು.

ಗುಟ್ಟು ಬಯಲಾದದ್ದು ಸಂಭಾಜಿನಗರದಲ್ಲಿ. ಬಸ್ಸಿನ ಬೋರ್ಡಿನ ಮೇಲೆ ಛತ್ರಪತಿ ಸಂಭಾಜಿನಗರವಾಗಿದ್ದರೂ ನಮ್ಮ ಮನೆಯವರ ಬಾಯಲ್ಲಿ ಇನ್ನೂ ಔರಂಗಾಬಾದೇ. ಅಲ್ಲಿ ನನ್ನ ತಮ್ಮ ಬಸವರಾಜ ಬಟ್ಟೆ ವ್ಯಾಪಾರ ಮಾಡುತ್ತಾನೆ. ಕಳೆದ ಎಳ್ಳ ಅಮಾವಾಸ್ಯೆಗೆ ನಮ್ಮನ್ನು ಕರೆದ. ನಮ್ಮ ಕಡೆ ಅಂದು ಹೊಲದಲ್ಲಿ ಚರಗ ಚೆಲ್ಲಿ, ಅಂದರೆ ಭೂಮಿತಾಯಿಗೆ ಅಡುಗೆ ಎರಚಿ, ಅಲ್ಲೇ ಕೂತು ಉಣ್ಣುವುದು. ತಮ್ಮನಿಗೆ ಹೊಲವಿಲ್ಲ, ಆದರೆ ಖುಲ್ತಾಬಾದ್ ದಾರಿಯಲ್ಲಿ ಅವನ ಗಿರಾಕಿಯೊಬ್ಬರ ಹೊಲವಿದೆ. ಅವರಿಗೆ ಮರಾಠಿಯಲ್ಲಿ ಏನೇನೋ ತಿಳಿಸಿ ಹೇಳಿ ಒಂದು ಮೂಲೆ ಕೇಳಿಕೊಂಡಿದ್ದ.

ಭಜ್ಜಿ ಮಾಡುವ ಕೆಲಸ ನನಗೆ ಬಂತು. ಎಲ್ಲ ಸೊಪ್ಪು, ಎಲ್ಲ ಹಸಿಕಾಳು ಸೇರಿಸಿ ಕಡಲೆಹಿಟ್ಟು ಹಚ್ಚಿ ಮಾಡುವ ಆ ಭಜ್ಜಿ ಇಲ್ಲದೆ ನಮಗೆ ಎಳ್ಳ ಅಮಾವಾಸ್ಯೆ ಇಲ್ಲ. "ಅಕ್ಕನ ಕೈಯಿಂದೇ ಆಗಬೇಕು" ಎಂದು ತಮ್ಮ ಅಂದಾಗ ನಾನು ಉಬ್ಬಿಹೋದೆ. ದೊಡ್ಡ ಪಾತ್ರೆ, ದೊಡ್ಡ ಕೈ. ಚರಗ ಚೆಲ್ಲುವವರೆಗೆ ಯಾರೂ ಮುಟ್ಟುವಂತಿಲ್ಲ. ಆಮೇಲೆ ಚಾಪೆ ಹಾಸಿ ಎಲ್ಲರಿಗೂ ಸಜ್ಜೆ ರೊಟ್ಟಿಯ ಮೇಲೆ ಭಜ್ಜಿ ಬಡಿಸಿ, ಮೆಚ್ಚುಗೆಗಾಗಿ ಸೊಂಟದ ಮೇಲೆ ಕೈಯಿಟ್ಟು ನಿಂತೆ.

ತಮ್ಮನ ಹೆಂಡತಿ ಸುನಂದಾ ನೀರಿನ ತಂಬಿಗೆ ಹುಡುಕಿದಳು. ಹೊಲದ ಮಾಲೀಕರು ಮೊದಲ ತುತ್ತನ್ನು ಬಾಯಲ್ಲೇ ಇಟ್ಟುಕೊಂಡು ದೂರದ ಗುಡ್ಡ ನೋಡುತ್ತಿದ್ದರು. ತಮ್ಮನ ಮಗಳು ಪಲ್ಲವಿ, ಕನ್ನಡ ತಿಳಿಯುತ್ತದೆ ಆದರೆ ಬಾಯಿಗೆ ಬರುವುದು ಮರಾಠಿಯೇ, ತಡೆಯಲಾರದೆ ಅಂದಳು: "ಆತ್ಯಾ, ಕಿತೀ ಖಾರಟ್! ಉಪ್ಪು ಭಾಳ ಝಾಲಂಯ್." ಮರಾಠಿಯಲ್ಲಿ ಖಾರಟ್ ಎಂದರೆ ಖಾರವಲ್ಲ, ಉಪ್ಪುಪ್ಪು.

"ಹಂಗೆಲ್ಲ ಅನಬಾರ್ದು" ಎಂದು ಸುನಂದಾ ಗದರಿದಳು. ಗದರುತ್ತಲೇ ತನ್ನ ಭಜ್ಜಿಗೆ ಮಜ್ಜಿಗೆ ಸುರಿದುಕೊಂಡಳು.

ಒಬ್ಬರು ಮಾತ್ರ ಎರಡನೇ ಸಲ ಬಡಿಸಿಕೊಂಡು ತಲೆಯಾಡಿಸುತ್ತಿದ್ದರು. "ಭಾರಿ ಆಗ್ಯಾದ. ಏನ್ ರುಚಿ ಅದಾ ನೋಡು!" ಅಂದವರು ನಮ್ಮ ಯಜಮಾನರು. ಕೊನೆಗೆ ನಾನೂ ಕೂತು ಒಂದು ತುತ್ತು ಉಂಡಾಗ ನನಗೆ ಹೊಳೆಯಿತು. ನನಗೂ ಅದು ಹದವಾಗಿಯೇ ಇತ್ತಲ್ಲ! ಅಷ್ಟು ಜನರ ನಡುವೆ ನಾವಿಬ್ಬರೇ ಬೇರೆ ಊರಿನವರಂತೆ ಕೂತಿದ್ದೆವು. ಅಡುಗೆ ಕೆಟ್ಟಿದ್ದಕ್ಕೆ ಬೇಸರವಾಯಿತು, ನಿಜ. ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಸಿಗರೇಟನ್ನು ಮೂಸಿಯೂ ನೋಡದ ನಾನು ಸೇದುವವರ ನಾಲಿಗೆ ಹೊತ್ತುಕೊಂಡು ತಿರುಗುತ್ತಿದ್ದೆ.

ಅಂದೇ ಇನ್ನೊಂದೂ ಆಯಿತು. ಊಟ ಮುಗಿಸಿ ಬದುವಿನ ಮೇಲೆ ರಸ್ತೆಯ ಕಡೆ ನಡೆಯುವಾಗ ಇವರು ನಡುವೆಯೇ ನಿಂತರು. ಸಿಗರೇಟು ಹಚ್ಚಲು ನಿಂತಿದ್ದಾರೆ ಅಂದುಕೊಂಡು ನಾನು ಮುಂದೆ ಹೋದೆ. ತಿರುಗಿ ನೋಡಿದರೆ ಮೀನಖಂಡ ಹಿಡಿದುಕೊಂಡು ಕೂತಿದ್ದರು. "ಏನಿಲ್ಲ, ಜರಾ ಕುಂತ್ರ ಹೋಗ್ತದ" ಅಂದರು. ಕೂತರೆ ಹೋಗುತ್ತಿತ್ತು, ನಡೆದರೆ ಬರುತ್ತಿತ್ತು. ಬಹಳ ದಿನದಿಂದ ಹೀಗೇ ಇತ್ತಂತೆ. ಕಾರ್ಖಾನೆಯಲ್ಲಿ ನಿಂತು ಮಾಡುವ ಕೆಲಸ ಎಂದು ಅವರೇ ಸಮಾಧಾನ ಹೇಳಿಕೊಂಡಿದ್ದರು.

ನಾಸಿಕಕ್ಕೆ ಬಂದು ಡಾಕ್ಟರಿಗೆ ತೋರಿಸಿದೆವು. ವಯಸ್ಸಿನಲ್ಲಿ ಚಿಕ್ಕವರು, ಆದರೆ ಮಾತು ಖಡಕ್. ಏನು ತಿನ್ನುತ್ತೀರಿ, ಎಷ್ಟು ಹೊತ್ತಿಗೆ ತಿನ್ನುತ್ತೀರಿ, ಎಷ್ಟು ನಡೆಯುತ್ತೀರಿ, ಎಲ್ಲ ಕೇಳಿದರು. "ಉಪವಾಸಗಿಪವಾಸ ಎಲ್ಲ ನೇಮದಿಂದ ಮಾಡ್ತಾರೆ" ಎಂದು ನಾನು ನಡುವೆ ಸೇರಿಸಿದೆ. ಅವರು ನನ್ನ ಕಡೆ ನೋಡಿದ ನೋಟದಲ್ಲಿ ಮೆಚ್ಚುಗೆ ಇರಲಿಲ್ಲ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಮರಾಠಿಯಲ್ಲಿ ನಿಧಾನವಾಗಿ ಹೇಳಿದರು. ಕಾಲಿನ ರಕ್ತನಾಳ ಕಿರಿದಾಗಿದೆ, ಕಾರಣ ತಂಬಾಕು. ಔಷಧಿ ಇದೆ, ನಡಿಗೆ ಇದೆ, ಎಣ್ಣೆ ಉಪ್ಪು ಇಳಿಸುವುದಿದೆ. ಆದರೆ ಸಿಗರೇಟು ನಿಲ್ಲದಿದ್ದರೆ ಅದಾವುದೂ ಕೆಲಸಕ್ಕೆ ಬಾರದು. ನಿಲ್ಲಿಸಿದರೆ ಈ ಕಾಲು ನಿಮ್ಮದು, ನಿಲ್ಲಿಸದಿದ್ದರೆ ಒಂದು ದಿನ ತೆಗೆಯಬೇಕಾಗುತ್ತದೆ.

ಹೊರಗೆ ಬಂದು ರಿಕ್ಷಾಕ್ಕಾಗಿ ಕಾಯುವಾಗ ಇವರು ಜೇಬಿನ ಪೊಟ್ಟಣ ತೆಗೆದು ಕಸದ ಡಬ್ಬಿಗೆ ಹಾಕಿದರು. ನಾನು ಅವರ ತೋಳು ಹಿಡಿದುಕೊಂಡು ನಿಂತೆ. ನಡುಬೀದಿಯಲ್ಲಿ ಹಾಗೆ ನಿಂತದ್ದು ಅದೇ ಮೊದಲು.

ಬಿಟ್ಟರು. ನಿಜವಾಗಿಯೂ ಬಿಟ್ಟರು. ಆದರೆ ಬಿಟ್ಟವರ ಜೊತೆ ಬಾಳುವುದೆಂದರೆ! ಸಂಜೆ ಬಸ್ಸಿಳಿದು ನೇರ ಮನೆಗೆ ಬಂದು ಅಡುಗೆಮನೆಯಲ್ಲಿ ಸುಳಿದಾಡುತ್ತ ಒಂದೊಂದೇ ಡಬ್ಬಿ ತೆರೆಯುವುದು. ಬೆಲ್ಲ, ಪುಟಾಣಿ, ಶೇಂಗಾ ಚಿಕ್ಕಿ ಎಲ್ಲ ಮಾಯ. ಪ್ಯಾಂಟಿನ ಗುಂಡಿ ಹತ್ತದೆ ನನ್ನ ಮೇಲೆ ರೇಗುವುದು. ಬೆಳಗ್ಗೆ ಹೊಟ್ಟೆ ಕದಲಲಿಲ್ಲವೆಂದು ಮುಖ ಊದಿಸಿಕೊಂಡು ಕೂರುವುದು, ಅದಕ್ಕೆ ನಾನೇ ಕಾರಣವೆಂಬಂತೆ. ನಾಷ್ಟಾ ಬೇಕು, ಡಬ್ಬಿ ಸಾಲದು, ಸಂಜೆಗೆ ಏನಾದರೂ ಬೇಕು. ಇಷ್ಟು ವರ್ಷ ಸಿಗರೇಟು ಮಾಡುತ್ತಿದ್ದ ಕೆಲಸವನ್ನೆಲ್ಲ ನನ್ನ ಒಲೆ ಮಾಡಬೇಕಾಯಿತು. ದಣಿದುಹೋದೆ ನೋಡಿ. ಮಧ್ಯಾಹ್ನ ಹೊತ್ತು ಒಮ್ಮೊಮ್ಮೆ ಅಡುಗೆಕಟ್ಟೆಗೆ ಒರಗಿ ನಿಂತಲ್ಲೇ ಕಣ್ಣು ಹತ್ತುತ್ತಿತ್ತು.

ಡಾಕ್ಟರು ಉಪ್ಪು ಇಳಿಸಲು ಹೇಳಿದ್ದರೂ ನನ್ನ ಕೈಗೆ ಅದಿನ್ನೂ ಹತ್ತಿರಲಿಲ್ಲ. ಆಮೇಲೊಂದು ದಿನ ಬೇಳೆಸಾರು ಕಲಸಿಕೊಂಡವರು ಹುಬ್ಬು ಏರಿಸಿದರು. "ಇದೇನ್ ಉಪ್ಪ ಭಾಳ ಆಗ್ಯಾದಲ್ಲ?"

"ದಿನಾ ಹಾಕೂ ಅಷ್ಟೇ ಹಾಕೀನಿ."

"ದಿನಾನೂ ಇಷ್ಟ ಇರ್ತಿತ್ತೇನು? ಹೆಂಗ್ ಉಂಡ್ನೋ ನಾ!"

ನನಗೆ ಮೈಯೆಲ್ಲ ಉರಿಯಿತು. ಇವರ ನಾಲಿಗೆಗಾಗಿ ನನ್ನ ನಾಲಿಗೆ ಕಳೆದುಕೊಂಡು, ಹೊಲದಲ್ಲಿ ಎಲ್ಲರ ಮುಂದೆ ಮರ್ಯಾದೆ ಕಳೆದುಕೊಂಡು, ಈಗ ಇವರಿಂದಲೇ ಕೇಳಿಸಿಕೊಳ್ಳಬೇಕೇ? ಸೌಟನ್ನು ಪಾತ್ರೆಗೆ ಬಡಿದು ಒಳಗೆ ಹೋದೆ. ಹೋದವಳಿಗೆ ಸಿಂಕಿನ ಮುಂದೆ ನಿಂತಾಗ ಬೇರೆಯೇ ಒಂದು ವಿಚಾರ ಬಂತು. ಉಪ್ಪು ಹೆಚ್ಚಾಗಿದೆ ಎಂದು ಅವರಿಗೆ ತಿಳಿಯಿತು ಎಂದರೆ ನಾಲಿಗೆ ಮರಳಿ ಬರುತ್ತಿದೆ. ನಾಲಿಗೆ ಬರುತ್ತಿದೆ ಎಂದರೆ ಸಿಗರೇಟಿಲ್ಲ. ಸಿಗರೇಟಿಲ್ಲ ಎಂದರೆ ಕಾಲು ಉಳಿಯುತ್ತದೆ. ಅಲ್ಲೇ ನಿಂತು ಅತ್ತೆ, ಖುಷಿಗೆ. ಅಂದಿನಿಂದ ಅವರ ದೂರು ನನಗೆ ಔಷಧಿಯಾಯಿತು. ಹುಬ್ಬು ಏರಿದ ದಿನ ನಿಶ್ಚಿಂತೆಯಿಂದ ಮಲಗುತ್ತಿದ್ದೆ. ಉಪ್ಪನ್ನು ಮೆಲ್ಲಮೆಲ್ಲಗೆ ಇಳಿಸುತ್ತ ಬಂದೆ. ಮೊದಮೊದಲು ನನಗೇ ಬಾಯಿಗೆ ರುಚಿ ಹತ್ತಲಿಲ್ಲ, ಮೊಸರು ಹಾಕಿಕೊಂಡು ನುಂಗಿದೆ. ಆಮೇಲೆ ಒಂದು ದಿನ ಸಾರಿನಲ್ಲಿ ಬೇಳೆಯ ರುಚಿ ಬೇರೆ, ಕೊತ್ತಂಬರಿಯ ರುಚಿ ಬೇರೆ ಎಂದು ಗೊತ್ತಾಯಿತು. ಎಷ್ಟು ವರ್ಷಕ್ಕೆ! ನಡಿಗೆಗೂ ಹೊರಟೆವು. ಮೊದಲು ಓಣಿಯ ತಿರುವಿನಲ್ಲೇ ಕೂರುತ್ತಿದ್ದವರು ಬರಬರುತ್ತ ಮಾರುತಿ ಗುಡಿಯವರೆಗೆ ನಿಲ್ಲದೆ ನಡೆಯತೊಡಗಿದರು.

ಕಳೆದ ರವಿವಾರದ ಮಾತು. ಪುಂಡಿಪಲ್ಯ ಒಲೆಯ ಮೇಲಿತ್ತು. ಸುನಂದಾಳ ಫೋನು ಬಂತು, ಪಲ್ಲವಿಗೆ ಗಂಡು ನೋಡುವ ಸುದ್ದಿ. ಕಿವಿಗೆ ಫೋನು ಹಚ್ಚಿಕೊಂಡೇ ಉಪ್ಪು ಹಾಕಿದೆ. ಕೈ ತನ್ನ ಹಳೆಯ ಅಳತೆಯನ್ನೇ ಹಾಕಿಬಿಟ್ಟಿತು. ಹಾಕಿದ ಮೇಲೆ ನೆನಪಾಯಿತು. ಪುಂಡಿಸೊಪ್ಪಿನ ಹುಳಿಯಲ್ಲಿ ಮುಳುಗಲಿ ಎಂದುಕೊಂಡು ಎಡೆ ತೋರಿಸಿ ಬಡಿಸಿದೆ. ಬಯ್ಗುಳಕ್ಕೆ ತಯಾರಾಗಿ, "ಉಪ್ಪು ಹೆಚ್ಚಾಗಿದೆ, ಮೊಸರು ತರಲೇ" ಎಂದು ಕೇಳುವ ಮಾತನ್ನೂ ಬಾಯಲ್ಲಿಟ್ಟುಕೊಂಡು ನಿಂತಿದ್ದೆ.

ಅವರು ರೊಟ್ಟಿ ಮುರಿದು ಒಂದು ತುತ್ತು ಉಂಡರು. ಇನ್ನೊಂದು ಉಂಡರು. ಮುಖ ಅರಳಿತು. "ಇವತ್ತ ಪಲ್ಯ ಸರಿ ಆಗ್ಯಾದ ನೋಡು. ಭಾಳ ದಿನಾ ಆಗಿತ್ತು ಹಿಂಗ ಉಂಡು."

ಅಲ್ಲೇ ಕೂತು ನನ್ನ ತಟ್ಟೆಗೂ ಹಾಕಿಕೊಂಡು ಬಾಯಿಗಿಟ್ಟೆ. ಉಪ್ಪೆಂದರೆ ಉಪ್ಪು, ನುಂಗಲಾಗಲಿಲ್ಲ. ನೀರು ಕುಡಿದೆ.

"ಮತ್ತ ಸುರು ಮಾಡೀರೇನ್ರಿ?"

"ಏನು?"

"ನನ್ನ ಮಾರಿ ನೋಡಿ ಹೇಳ್ರಿ."

ಅವರು ನೋಡಲಿಲ್ಲ. ತಟ್ಟೆಯ ಅಂಚಿನಲ್ಲಿ ಬೆರಳು ಆಡಿಸುತ್ತ, "ಗೇಟಿನ ಹೊರಗ ಎಲ್ಲಾರೂ ನಿಂತಿರ್ತಾರ. ಚಹಾದ ಜೋಡಿ ಒಂದ... ಜಾಸ್ತಿ ಏನಿಲ್ಲ" ಅಂದರು. ಜಾಸ್ತಿ ಇಲ್ಲದೆ ನಾಲಿಗೆ ಇಷ್ಟು ಹಿಂದೆ ಹೋಗುತ್ತದೆಯೇ? ಕಿರುಚಬೇಕೆನ್ನಿಸಿತು. ಹೆದರಿಕೆಯಾಯಿತು, ಅದನ್ನು ಮುಚ್ಚಿಡುವುದೇಕೆ? ಒಂದು ಕಾಲಿನ ಮೇಲೆ ಬಾಲ್ಕನಿಯಲ್ಲಿ ನಿಂತ ಇವರು ಕಣ್ಣೆದುರು ಬಂದರು. ಉಳಿದ ಪಲ್ಯವನ್ನೆಲ್ಲ ತೆಗೆದುಕೊಂಡು ಹೋಗಿ ಕಸಕ್ಕೆ ಸುರಿದೆ. ಅನ್ನ ಚೆಲ್ಲಬಾರದೆಂದು ಕಲಿತವಳು ನಾನು.

ಮರುದಿನ ಬೆಳಗ್ಗೆ ಎದ್ದವಳು ಬೇಳೆಗೆ ಉಪ್ಪು ಹಾಕುವಾಗ ಕೈಯನ್ನು ನೋಡುತ್ತ ನಿಂತೆ. ಇವರ ಮುಖ ನೋಡಿ ನೋಡಿ ಏರಿಸಿದ ಕೈ ಇದು. ಈಗ ಮತ್ತೆ "ಸಪ್ಪಗದಾ" ಅನ್ನುತ್ತಾರೆ, ಮತ್ತೆ ಒಂದು ಚಿಟಿಕೆ, ಮತ್ತೊಂದು ಚಿಟಿಕೆ. ಸಾಕು ಅನ್ನಿಸಿತು. ಇವರು ಗೇಟಿನ ಹೊರಗೆ ಏನು ಮಾಡುತ್ತಾರೋ ಅದನ್ನು ನಾನು ತಡೆಯಲಾರೆ. ಆದರೆ ಈ ಮನೆಯ ಉಪ್ಪು ಇನ್ನು ಸಿಗರೇಟಿನ ಹಿಂದೆ ಹೋಗುವುದಿಲ್ಲ.

ಅಂದು ಸಂಜೆ ಕೆಲಸದಿಂದ ಬಂದವರಿಗೆ ಬಡಿಸಿದೆ. ಒಂದು ತುತ್ತು ಬಾಯಿಗಿಟ್ಟು ನನ್ನ ಕಡೆ ನೋಡಿದರು.

"ಉಪ್ಪ ಹಾಕೀಯಿಲ್ಲೋ?"

"ಹಾಕೀನ್ರಿ. ನಿಮ್ಮ ಕಾಲಿಗಿ ಎಷ್ಟ ಬೇಕೋ ಅಷ್ಟ ಹಾಕೀನಿ."

ಅವರು ಮೆಲ್ಲಗೆ, "ಆ ಉಪ್ಪಿನ ಡಬ್ಬಿ ಕೊಡು" ಅಂದರು.

"ಅಲ್ಲೇ ಕಟ್ಟಿ ಮ್ಯಾಲದ. ಎದ್ದ ತೊಗೋರಿ."

ಮದುವೆಯಾದ ಮೇಲೆ ಉಣ್ಣಲು ಕೂತವರಿಗೆ ಎದ್ದು ತೆಗೆದುಕೊಳ್ಳಿ ಎಂದು ಅಂದವಳಲ್ಲ ನಾನು. ಅವರು ಒಂದು ಕೈಯನ್ನು ನೆಲಕ್ಕೆ ಊರಿದರು. ಏಳುತ್ತಾರೆ ಅಂದುಕೊಂಡೆ. ಏಳಲಿಲ್ಲ. ಆ ಕೈ ಮೆಲ್ಲಗೆ ಮೀನಖಂಡದ ಮೇಲೆ ಹೋಗಿ ಅಲ್ಲೇ ಉಳಿಯಿತು. ಇನ್ನೊಂದು ಕೈಯಿಂದ ರೊಟ್ಟಿ ಮುರಿದು, ತಲೆ ಎತ್ತದೆ, ಸಪ್ಪನೆಯ ಬೇಳೆಯಲ್ಲೇ ಅದ್ದಿಕೊಂಡು ಉಂಡರು.